ಗಿಟಾರಿಗಿಂತ ಮೊದಲು ಕಂಡದ್ದು ಬಟ್ಟೆ: ‘ದಿ ರನ್‌ಅವೇಸ್’ ಹುಡುಗಿಯರ ವೇದಿಕೆ ಉಡುಪು ಮತ್ತು ಅದರ ಹಿಂದಿನ ಲೆಕ್ಕ

1976ರಲ್ಲಿ ಅಮೆರಿಕದ ಮರ್ಕ್ಯುರಿ ರೆಕಾರ್ಡ್ಸ್ ಸಂಸ್ಥೆ ‘ದಿ ರನ್‌ಅವೇಸ್’ ಎಂಬ ಹೊಸ ರಾಕ್ ಬ್ಯಾಂಡಿನ ಮೊದಲ ಆಲ್ಬಂ ಹೊರತಂದಿತು. ಗಾಯಕಿ ಶೆರಿ ಕರೀ, ರಿದಮ್ ಗಿಟಾರಿಗೆ ಜೋನ್ ಜೆಟ್, ಲೀಡ್ ಗಿಟಾರಿಗೆ ಲೀಟಾ ಫೋರ್ಡ್, ಬಾಸ್‌ಗೆ ಜಾಕಿ ಫಾಕ್ಸ್, ಡ್ರಮ್ಸ್‌ಗೆ ಸ್ಯಾಂಡಿ ವೆಸ್ಟ್. ಐವರೂ 16–17ರ ಹುಡುಗಿಯರು. ಆದರೆ ಎಲ್‌ಪಿಯ ಕವರಿನ ಮೇಲೆ ಕಂಡದ್ದು ಒಬ್ಬರೇ, ಮೈಕು ಹಿಡಿದ ಶೆರಿ ಕರೀ. ಮಿಕ್ಕ ನಾಲ್ವರಿಗೆ ಅದು ಮೊದಲ ದಿನದಿಂದಲೇ ಚುಚ್ಚಿತು. ಮುಂದಿನ ಒಂದೂವರೆ ವರ್ಷದಲ್ಲಿ ಬ್ಯಾಂಡಿನೊಳಗೆ ಹುಟ್ಟಿದ ಜಗಳಗಳ ಬೇರು ಹುಡುಕುತ್ತಾ ಹೋದರೆ ಮತ್ತೆ ಮತ್ತೆ ಈ ಕವರಿಗೇ ಬಂದು ನಿಲ್ಲುತ್ತೇವೆ. ಯಾರು ಕಾಣುತ್ತಾರೆ, ಯಾವ ಬಟ್ಟೆಯಲ್ಲಿ ಕಾಣುತ್ತಾರೆ, ಅದನ್ನು ತೀರ್ಮಾನಿಸಿದವರು ಯಾರು?

ಐವತ್ತು ವರ್ಷ ಕಳೆದರೂ ಪ್ರಶ್ನೆ ಹಳತಾಗಿಲ್ಲ. ಹದಿಹರೆಯದ ಹುಡುಗಿಯರೇ ಕಟ್ಟಿದ ರಾಕ್ ಬ್ಯಾಂಡುಗಳು ಇಂದು ಲಾಸ್ ಏಂಜಲೀಸ್‌ನಿಂದ ಇಂಡೊನೇಷ್ಯಾದವರೆಗೆ ಇವೆ. ಅವರ ಪ್ರತಿ ಕಾರ್ಯಕ್ರಮವನ್ನೂ ನೂರಾರು ಫೋನುಗಳು ಸೆರೆಹಿಡಿಯುತ್ತವೆ. ಹಾಡು ಮುಗಿಯುವ ಮೊದಲೇ ಬಟ್ಟೆಯ ಬಗ್ಗೆ ತೀರ್ಪು ಬಂದಿರುತ್ತದೆ. ‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎನ್ನುತ್ತದೆ ನಮ್ಮ ಗಾದೆ. ಆ ‘ಪರರು’ ವ್ಯವಸ್ಥಾಪಕರೋ, ಪತ್ರಿಕೆಯವರೋ, ಅಭಿಮಾನಿಗಳೋ ಆಗಿ, ‘ತಾನು’ 16ರ ಹುಡುಗಿಯಾದಾಗ ಗಾದೆಯ ಭಾರ ಪೂರ್ತಿ ಒಂದೇ ಕಡೆಗೆ ಬೀಳುತ್ತದೆ. ಇಂಥ ಉಡುಪನ್ನು ‘ದಿಟ್ಟ’, ‘ಅಸಭ್ಯ’ ಎಂಬ ಎರಡೇ ಬುಟ್ಟಿಗೆ ಹಾಕಿ ಅಳೆಯುವುದರಿಂದ ಏನೂ ತಿಳಿಯದು. ನಮ್ಮ ಪ್ರಕಾರ ಕೇಳಬೇಕಾದ್ದು ಬೇರೆ: ಆ ಬಟ್ಟೆಯಲ್ಲಿ ವಾದ್ಯ ನುಡಿಸಲು ಆಗುತ್ತದೆಯೇ, ಮತ್ತು ‘ಇವತ್ತು ಇದು ಬೇಡ’ ಎನ್ನುವ ಹಕ್ಕು ತೊಟ್ಟವರ ಕೈಯಲ್ಲಿದೆಯೇ?

ಮೊದಲಿಗರಲ್ಲ, ಆದರೂ ದಾರಿ ತೆರೆದವರು

ರನ್‌ಅವೇಸ್ ಜಗತ್ತಿನ ಮೊದಲ ಮಹಿಳಾ ರಾಕ್ ಬ್ಯಾಂಡ್ ಎಂದು ಹಲವೆಡೆ ಬರೆಯುತ್ತಾರೆ. ಅದು ಸರಿಯಲ್ಲ. ‘ಗೋಲ್ಡಿ ಆಂಡ್ ದಿ ಜಿಂಜರ್‌ಬ್ರೆಡ್ಸ್’ 1960ರ ದಶಕದ ಮೊದಲರ್ಧದಲ್ಲೇ ದೊಡ್ಡ ರೆಕಾರ್ಡ್ ಕಂಪನಿಯೊಂದರ ಜತೆ ಒಪ್ಪಂದ ಮಾಡಿಕೊಂಡಿತ್ತು. ಡೆಟ್ರಾಯಿಟ್‌ನಲ್ಲಿ 1964ರಲ್ಲಿ ಶುರುವಾದ ‘ದಿ ಪ್ಲೆಷರ್ ಸೀಕರ್ಸ್’ನಲ್ಲಿ ಬಾಸ್ ಹಿಡಿದಾಗ ಸೂಜಿ ಕ್ವಾಟ್ರೊಗೆ 14 ವರ್ಷ. ಫಿಲಿಪ್ಪೀನ್ಸ್ ಮೂಲದ ಜೂನ್ ಮತ್ತು ಜೀನ್ ಮಿಲಿಂಗ್ಟನ್ ಸೋದರಿಯರ ‘ಫ್ಯಾನಿ’ 1970ರಲ್ಲಿ ಪೂರ್ಣ ಆಲ್ಬಂ ತಂದಿತ್ತು. ರನ್‌ಅವೇಸ್ ಮಾಡಿದ್ದು ಇನ್ನೊಂದನ್ನು. ಬ್ಯಾಂಡಿನ ಎಲ್ಲರೂ ಶಾಲೆಗೆ ಹೋಗುವ ವಯಸ್ಸಿನವರೇ ಆಗಿದ್ದು, ಗಡಸು ರಾಕ್ ನುಡಿಸುತ್ತಾ ಇಂಗ್ಲೆಂಡ್, ಯುರೋಪ್, ಜಪಾನ್ ಸುತ್ತಿ ಬಂದರು. ಅಮೆರಿಕದ ಜನಪ್ರಿಯ ಆಲ್ಬಂಗಳ ಪಟ್ಟಿಯಲ್ಲಿ ಮೊದಲ ಆಲ್ಬಂ 194ನೇ ಸ್ಥಾನ ದಾಟಲಿಲ್ಲ. 1977ರ ಜೂನ್‌ನಲ್ಲಿ ಜಪಾನಿಗೆ ಹೋದಾಗ ಮಾತ್ರ ಜನ ಮುಗಿಬಿದ್ದರು. ತವರಿನಲ್ಲಿ ಕುತೂಹಲದ ವಸ್ತು, ಜಪಾನಿನಲ್ಲಿ ತಾರೆಯರು.

ಬ್ಯಾಂಡ್ ಹುಟ್ಟಿದ್ದು 1975ರ ಆಗಸ್ಟ್‌ನಲ್ಲಿ. ಸಂಗೀತ ನಿರ್ಮಾಪಕ ಕಿಮ್ ಫೌಲಿಗೆ ಆಗ 36 ವರ್ಷ. ಜೆಟ್ ಮತ್ತು ವೆಸ್ಟ್ ಅವರನ್ನು ಒಬ್ಬರಿಗೊಬ್ಬರು ಪರಿಚಯವಾಗಿಸಿದ್ದು ಆತನೇ. ಲಾಸ್ ಏಂಜಲೀಸ್‌ನ ಸನ್‌ಸೆಟ್ ಬುಲೆವಾರ್ಡ್‌ನಲ್ಲಿದ್ದ ರಾಡ್ನಿ ಬಿಂಗನ್‌ಹೈಮರ್ ಅವರ ‘ಇಂಗ್ಲಿಷ್ ಡಿಸ್ಕೊ’ ಎಂಬ ಕ್ಲಬ್ಬು, ಥಳುಕಿನ ವೇಷಕ್ಕೆ ಹೆಸರಾದ ಬ್ರಿಟಿಷ್ ‘ಗ್ಲಾಮ್’ ರಾಕ್ ಸಂಗೀತದ ಅಡ್ಡೆಯಾಗಿತ್ತು. ಮಿಣುಗುವ ಬಟ್ಟೆ, ಎತ್ತರದ ಅಟ್ಟೆಯ ಬೂಟು, ಗಂಡು ಹೆಣ್ಣಿನ ಗೆರೆ ಅಳಿಸುವ ಮೇಕಪ್ಪು, ಇವೆಲ್ಲ ಅಲ್ಲಿನ ಹದಿಹರೆಯದವರಿಗೆ ಶಾಲಾ ಸಮವಸ್ತ್ರದಷ್ಟೇ ಸಹಜವಾಗಿದ್ದವು. ಶೆರಿ ಕರೀ ತಲೆಗೂದಲನ್ನು ಬ್ರಿಟಿಷ್ ಗಾಯಕ ಡೇವಿಡ್ ಬೋವಿಯಂತೆ ಕತ್ತರಿಸಿಕೊಂಡಿದ್ದರು. ಜೋನ್ ಜೆಟ್ ಅವರದು ಸೂಜಿ ಕ್ವಾಟ್ರೊ ಮಾದರಿಯ ಪದರ ಪದರದ ಕಟ್. ವೇದಿಕೆ ಹತ್ತುವ ಮೊದಲೇ ಇಬ್ಬರಿಗೂ ತಮ್ಮದೇ ಆದ ರುಚಿ ಇತ್ತು. ಫೌಲಿ ಇವರಿಗೆ ವೇಷ ಹಾಕಿಸಿದ ಎನ್ನುವಾಗ ಈ ಅಂಶ ಮರೆತುಹೋಗುತ್ತದೆ. ಆತ ಆ ರುಚಿಯನ್ನು ಸೃಷ್ಟಿಸಲಿಲ್ಲ, ಮಾರಿದ.

ಚರ್ಮ ಎಲ್ಲಿಂದ ಬಂತು

ಹೆಣ್ಣು ರಾಕ್ ವಾದಕಿಯ ಮೈಮೇಲೆ ಕಪ್ಪು ಚರ್ಮದ ಜಂಪ್‌ಸೂಟನ್ನು (ಅಂಗಿ, ಪ್ಯಾಂಟು ಒಂದೇ ಆಗಿ ಹೊಲಿದ ಉಡುಪು) ಗಟ್ಟಿಯಾಗಿ ನಿಲ್ಲಿಸಿದವರು ಸೂಜಿ ಕ್ವಾಟ್ರೊ, 1973ರಲ್ಲಿ. ಚರ್ಮವೇ ಬೇಕೆಂದು ಹಟ ಹಿಡಿದವರು ಅವರು. ಅಂಗಿ–ಪ್ಯಾಂಟಿನ ಬದಲು ಜಂಪ್‌ಸೂಟ್ ಆಗಲಿ ಎಂದವರು ನಿರ್ಮಾಪಕ ಮಿಕಿ ಮೋಸ್ಟ್. ಈ ಉಡುಪಿನ ಗುಣ ಗಮನಿಸಿ. ಮೈ ಮುಚ್ಚುತ್ತದೆ, ಗಿಟಾರಿನ ಪಟ್ಟಿ ಉಜ್ಜಿದರೂ ಹರಿಯುವುದಿಲ್ಲ, ಬಗ್ಗಿದರೆ ಸೊಂಟದ ಬಳಿ ಅಂಗಿ ಮೇಲೆ ಸರಿಯುವ ತಾಪತ್ರಯವಿಲ್ಲ. ನುಡಿಸುವವರ ಬಟ್ಟೆ ಅದು. ಜೆಟ್ ಅದನ್ನು ಕೆಂಪು ಜಂಪ್‌ಸೂಟಿನ ರೂಪದಲ್ಲಿ ಎತ್ತಿಕೊಂಡರು. 1976ರ ಇಂಗ್ಲೆಂಡ್ ಪ್ರವಾಸದಲ್ಲಿ ಆಗಷ್ಟೇ ತಲೆಯೆತ್ತಿದ್ದ ಒರಟು ‘ಪಂಕ್’ ರಾಕ್‌ನ ಹುಡುಗರನ್ನು ಕಂಡ ಮೇಲೆ ಸೇಫ್ಟಿ ಪಿನ್ನು, ಬ್ಯಾಡ್ಜು, ಕಪ್ಪು ಚರ್ಮದ ಜಾಕೆಟ್ಟು ಸೇರಿಕೊಂಡವು. ಬ್ಯಾಂಡ್ ಒಡೆದ ಮೇಲೂ ಆ ಜಾಕೆಟ್ಟು ಅವರ ಮೈಬಿಡಲಿಲ್ಲ. 1982ರಲ್ಲಿ ತಮ್ಮ ಹೊಸ ಬ್ಯಾಂಡ್ ‘ಬ್ಲ್ಯಾಕ್‌ಹಾರ್ಟ್ಸ್’ ಜತೆ ಏಳು ವಾರ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯ ತುದಿಯಲ್ಲಿ ಕೂತಾಗಲೂ ಅದೇ ಕಪ್ಪು ಚರ್ಮ. ತಾನೇ ಆರಿಸಿಕೊಂಡ ಉಡುಪು ಹೀಗೆ ಬಾಳಿಕೆ ಬರುತ್ತದೆ.

ಕರೀ ಅವರ ಬಿಳಿ ಕಾರ್ಸೆಟ್ಟಿನ (ಎದೆಯಿಂದ ಸೊಂಟದವರೆಗೆ ಬಿಗಿಯಾಗಿ ಕಟ್ಟುವ ಉಡುಪು) ಕಥೆ ಇಷ್ಟು ನೇರವಲ್ಲ. ಒಳಉಡುಪಿನ ಮಾದರಿಯ ಆ ವೇಷ ತನ್ನದೇ ಆಯ್ಕೆ, ಅದನ್ನು ತೊಡುತ್ತಿದ್ದುದು ಒಂದೇ ಒಂದು ಹಾಡಿಗೆ ಎಂದು ಕರೀ ಮುಂದೆ ಹಲವು ಬಾರಿ ಹೇಳಿದ್ದಾರೆ. ಬೋವಿ ಹಾಡಿಗೊಂದು ಪಾತ್ರ ಧರಿಸುತ್ತಿದ್ದಂತೆ, ಇದೂ ಒಂದು ಹಾಡಿನ ಪಾತ್ರ. ಅವರ ಮಾತನ್ನು ಅನುಮಾನಿಸಬೇಕಿಲ್ಲ. ಆದರೆ 16ರ ಹುಡುಗಿ ಒಂದು ಹಾಡಿಗೆಂದು ತೊಟ್ಟದ್ದನ್ನು ಹಿರಿಯರು ನಡೆಸುತ್ತಿದ್ದ ಪತ್ರಿಕೆಗಳು ಇಡೀ ಬ್ಯಾಂಡಿನ ಗುರುತಾಗಿ ಮಾಡಿದವು. ಆ ಫೋಟೊ ಅಚ್ಚಾಯಿತು. ಸ್ಯಾಂಡಿ ವೆಸ್ಟ್ ಅವರ ಡ್ರಮ್ ಹೊಡೆತವಾಗಲಿ, ಲೀಟಾ ಫೋರ್ಡ್ ಅವರ ಗಿಟಾರ್ ವೇಗವಾಗಲಿ ಅಷ್ಟು ಅಚ್ಚಾಗಲಿಲ್ಲ. ಹುಡುಗಿ ಆರಿಸಿದಳೇ ಇಲ್ಲವೇ ಎಂದು ಇಂದಿಗೂ ಚರ್ಚಿಸುತ್ತಾರೆ. ಆ ಚಿತ್ರವನ್ನೇ ಮಾರಬೇಕೆಂದು ಆರಿಸಿದ ವಯಸ್ಕರ ಬಗ್ಗೆ ಅಷ್ಟು ಚರ್ಚೆ ಆಗುವುದಿಲ್ಲ. ತಪ್ಪನ್ನು ಹುಡುಕಬೇಕಾದ ಜಾಗ ಅದು.

ವೇದಿಕೆಯ ಮೇಲೆ ಬಟ್ಟೆ ಹೇಗೆ ಕೆಡುತ್ತದೆ

ಈ ಉಡುಪುಗಳನ್ನು ಫೋಟೊದಲ್ಲಷ್ಟೇ ನೋಡಿದವರಿಗೆ ಅವುಗಳೊಳಗಿನ ದುಡಿಮೆ ಗೊತ್ತಾಗದು. ಇಂದು ಇದೇ ಮಾದರಿಯ ವೇಷ ಹೊಲಿಸಲು ಹೊರಟ ಹೊಸ ಬ್ಯಾಂಡುಗಳು ಎಡವುವುದೂ ಇಲ್ಲೇ.

ಮೊದಲು ಸೆಕೆ. 1970ರ ದಶಕದ ರಾಕ್ ಪ್ರವಾಸಗಳಲ್ಲಿ ಹೆಚ್ಚಾಗಿ ಬಳಸಿದ್ದು ಪಾರ್ ಕ್ಯಾನ್ ದೀಪ. ದೊಡ್ಡ ಗಾತ್ರದ್ದು ಒಂದಕ್ಕೆ 1,000 ವಾಟ್. ಅಂಥ 40 ದೀಪ ಎಂದರೆ 40 ಕಿಲೋವಾಟ್, ಅದರಲ್ಲಿ ಬಹುಪಾಲು ಬೆಳಕಾಗದೆ ಬಿಸಿಯಾಗುತ್ತದೆ. ಅದರ ಕೆಳಗೆ ಒಂದು ಗಂಟೆ ಕುಣಿದು ನುಡಿಸಿದರೆ ಒಂದು ಲೀಟರಿನಷ್ಟು ಬೆವರು ಇಳಿಯುವುದು ಹೊಸತಲ್ಲ. ಬಟ್ಟೆ ಉಸಿರಾಡಿದರೆ ಬೆವರು ಆರಿ ಮೈ ತಣಿಯುತ್ತದೆ. ಚರ್ಮ, ರೆಕ್ಸಿನ್, ಪಾಲಿಯೆಸ್ಟರ್ ಸ್ಯಾಟಿನ್ ಮೂರೂ ಬೆವರನ್ನು ಒಳಗೇ ಹಿಡಿದಿಡುತ್ತವೆ. ಕೊನೆಯ ಎರಡು ಹಾಡುಗಳಲ್ಲಿ ಕೈ ನಡುಗುವುದು, ತಾಳ ಜಾರುವುದು ಎಷ್ಟೋ ಸಲ ಅಭ್ಯಾಸದ ಕೊರತೆಯಿಂದಲ್ಲ, ಮೈ ಕಾದದ್ದರಿಂದ. ಈಗಿನ ಎಲ್‌ಇಡಿ ದೀಪಗಳು ಅದರ ಕಾಲುಭಾಗ ವಿದ್ಯುತ್ತನ್ನೂ ಕೇಳುವುದಿಲ್ಲ. ಹಾಗಾಗಿ ಆ ಕಾಲಕ್ಕಿಂತ ಸ್ಥಿತಿ ವಾಸಿ. ಆದರೂ ಬೇಸಿಗೆಯ ಬಯಲು ವೇದಿಕೆಗೆ ಚರ್ಮದ ಜಂಪ್‌ಸೂಟ್ ಬೇಡ. ಜಾಕೆಟ್ಟು ತೊಟ್ಟು ಮೊದಲ ಮೂರು ಹಾಡು ನುಡಿಸಿ ಕಳಚಿಡುವಂತಿರಲಿ, ಒಳಗೆ ಹತ್ತಿಯ ಬನಿಯನ್ನೇ ಇರಲಿ.

ಚರ್ಮದ ಹೊಲಿಗೆ ಹತ್ತಿಯ ಹೊಲಿಗೆಯಂತಲ್ಲ. ಸೂಜಿ ಒಮ್ಮೆ ಚುಚ್ಚಿದ ತೂತು ಅಲ್ಲೇ ಉಳಿಯುತ್ತದೆ, ಬಿಚ್ಚಿ ಮತ್ತೆ ಹೊಲಿದರೆ ಎರಡು ಸಾಲು ತೂತು ಕಾಣುತ್ತದೆ. ಅದಕ್ಕೇ ಬಲ್ಲ ಟೈಲರುಗಳು ಮೊದಲು ಅಗ್ಗದ ಕಾಟನ್ನಿನಲ್ಲಿ ಇಡೀ ಉಡುಪನ್ನು ಹೊಲಿದು, ತೊಡಿಸಿ, ತಿದ್ದಿ, ಆಮೇಲೆ ಚರ್ಮಕ್ಕೆ ಕತ್ತರಿ ಹಾಕುತ್ತಾರೆ. ಹೊಲಿಗೆಯ ಅಂತರ 3ರಿಂದ 4 ಮಿಲಿಮೀಟರ್ ಇರಬೇಕು. ಬಟ್ಟೆಗೆ ಹೊಲಿಯುವಂತೆ ಒತ್ತೊತ್ತಾಗಿ ಹೊಲಿದರೆ ಅಂಚೆಚೀಟಿಯ ಅಂಚಿನಂತೆ ತೂತುಸಾಲು ಬಿದ್ದು ಎಳೆದಲ್ಲಿ ಹರಿಯುತ್ತದೆ. ಕತ್ತರಿಸಿದ ತುಂಡುಗಳನ್ನು ಸೇರಿಸಿ ಹಿಡಿಯಲು ಗುಂಡುಸೂಜಿಯ ಬದಲು ಕ್ಲಿಪ್ಪು. ಜಾಕೆಟ್ಟಿಗೆ ಒಂದು ಮಿಲಿಮೀಟರ್ ದಪ್ಪದ ಚರ್ಮ ಸಾಕು. ಜಂಪ್‌ಸೂಟಿಗೆ 0.6ರಿಂದ 0.8 ಮಿಲಿಮೀಟರಿನ ಕುರಿಮರಿಯ ಚರ್ಮ ಬೇಕು, ಅದಕ್ಕಿಂತ ದಪ್ಪವಾದರೆ ಮೊಣಕಾಲು ಮಡಚಲು ಬಾರದು.

ಜಂಪ್‌ಸೂಟಿನ ದೊಡ್ಡ ಸಮಸ್ಯೆ ಬೆನ್ನಿನ ಉದ್ದ. ನಿಂತಾಗ ಸರಿಯಾಗಿ ಕೂತ ಉಡುಪು, ಬಗ್ಗಿದಾಗ ಅಥವಾ ಕೂತಾಗ ಕಾಲ ಸಂದಿನಲ್ಲಿ ಪಟ್ಟನೆ ಬಿಚ್ಚಿಕೊಳ್ಳುತ್ತದೆ. ಸೊಂಟ ಬಾಗಿದಾಗ ಬೆನ್ನಿನ ಅಳತೆ ಹಿಗ್ಗುತ್ತದೆ, ಬಟ್ಟೆ ಹಿಗ್ಗುವುದಿಲ್ಲ, ಅಷ್ಟೇ ಕಾರಣ. ಭುಜದ ಮೇಲಿಂದ ಟೇಪು ಇಳಿಸಿ, ಕಾಲುಗಳ ನಡುವೆ ಹಾಯಿಸಿ, ಬೆನ್ನಿನ ಮೇಲಿಂದ ಅದೇ ಭುಜಕ್ಕೆ ತಂದು ಅಳೆಯಬೇಕು. ಹಿಗ್ಗದ ಬಟ್ಟೆಯಾದರೆ ಆ ಅಳತೆಗೆ 4ರಿಂದ 6 ಸೆಂಟಿಮೀಟರ್ ಸೇರಿಸಬೇಕು. ಕಂಕುಳಲ್ಲೂ ಕಾಲಸಂದಿನಲ್ಲೂ ವಜ್ರದಾಕಾರದ ಹೆಚ್ಚುವರಿ ತುಂಡು ಕೊಟ್ಟರೆ ಎಳೆತ ಹಂಚಿಹೋಗುತ್ತದೆ. ಮುಂದಿನ ಜಿಪ್ಪು ಲೋಹದ್ದಾದರೆ ಗಿಟಾರಿನ ಹಿಂಬದಿಯ ಬಣ್ಣವನ್ನು ಕೆರೆಯುತ್ತದೆ. ಮೇಲೆ ಮೂರು ಸೆಂಟಿಮೀಟರಿನ ಪಟ್ಟಿ ಮುಚ್ಚಿದರೆ ಗಿಟಾರೂ ಉಳಿಯುತ್ತದೆ. ಬೆವರಿನ ಉಪ್ಪಿಗೆ ಜಿಪ್ಪು ಬಿಗಿಯುತ್ತದೆ. ಮೇಣದಬತ್ತಿ ಉಜ್ಜಿ ನಾಲ್ಕು ಸಲ ಎಳೆದಾಡಿದರೆ ಸರಿಹೋಗುತ್ತದೆ. ಇನ್ನೊಂದು ಮಾತನ್ನು ಯಾರೂ ಮೊದಲೇ ಹೇಳುವುದಿಲ್ಲ: ಬೆವರಿದ ಮೈಗೆ ಅಂಟಿದ ಜಂಪ್‌ಸೂಟನ್ನು ಶೌಚಾಲಯಕ್ಕೆಂದು ಕಳಚಿ ಮತ್ತೆ ಏರಿಸಲು ಹತ್ತು ನಿಮಿಷವಾದರೂ ಬೇಕು. ಆ ಭಯಕ್ಕೆ ನೀರು ಕುಡಿಯದೆ ವೇದಿಕೆ ಹತ್ತುವ ಹುಡುಗಿಯರಿದ್ದಾರೆ. ಸೆಕೆಯ ಜತೆ ಇದೂ ಸೇರಿದರೆ ತಲೆಸುತ್ತು ಖಚಿತ. ವಿರಾಮದ ಸಮಯವನ್ನು ಉಡುಪು ನೋಡಿ ನಿಗದಿ ಮಾಡಬೇಕು.

ಕಾರ್ಸೆಟ್ಟಿನ ವಿಷಯಕ್ಕೆ ಬಂದರೆ, ಯಕ್ಷಗಾನ ಬಲ್ಲವರಿಗೆ ಇದು ಬೇಗ ಅರ್ಥವಾಗುತ್ತದೆ. ಅಲ್ಲಿ ಬಿಗಿಯಾಗಿ ವೇಷ ಕಟ್ಟಿಕೊಂಡವರು ಕುಣಿಯುತ್ತಾರೆ, ಅರ್ಥ ಹೇಳುತ್ತಾರೆ, ಆದರೆ ಹಾಡುವವರು ಭಾಗವತರು. ರಾಕ್ ಗಾಯಕಿಗೆ ವೇಷವೂ ಹಾಡೂ ಎರಡೂ ಒಂದೇ ಮೈಮೇಲೆ. ಆಳವಾಗಿ ಉಸಿರೆಳೆದಾಗ ಕೆಳಪಕ್ಕೆಲುಬುಗಳು ಅಕ್ಕಪಕ್ಕಕ್ಕೆ ತೆರೆಯಬೇಕು. ಉಸಿರು ಪೂರ್ತಿ ಬಿಟ್ಟಾಗ ಮತ್ತು ತುಂಬಿಕೊಂಡಾಗ ಟೇಪಿನಲ್ಲಿ ಅಳೆದರೆ ಸುಮಾರು 5 ಸೆಂಟಿಮೀಟರ್ ವ್ಯತ್ಯಾಸ ಕಾಣುತ್ತದೆ. ಉಕ್ಕಿನ ಕಡ್ಡಿಗಳಿರುವ ಕಾರ್ಸೆಟ್ಟು ಆ 5 ಸೆಂಟಿಮೀಟರನ್ನು ಕಸಿದುಕೊಳ್ಳುತ್ತದೆ. ಆಗ ಗಾಯಕಿ ಭುಜ ಎತ್ತಿ ಮೇಲೆದೆಯಲ್ಲೇ ಉಸಿರಾಡುತ್ತಾಳೆ, ದೀರ್ಘ ಸಾಲು ನಡುವೆ ತುಂಡಾಗುತ್ತದೆ, ತಾರಸ್ಥಾಯಿಯನ್ನು ಗಂಟಲಿನಿಂದ ತಳ್ಳಬೇಕಾಗುತ್ತದೆ, ನಾಲ್ಕನೇ ದಿನ ಸ್ವರ ಒಡೆಯುತ್ತದೆ. ಕರೀ ಒಂದೇ ಹಾಡಿಗೆ ಅದನ್ನು ಮೀಸಲಿಟ್ಟಿದ್ದರಲ್ಲಿ ಗಂಟಲಿನ ದೃಷ್ಟಿಯಿಂದಲೂ ಜಾಣತನವಿತ್ತು. ಅಂಥ ಆಕಾರವೇ ಬೇಕೆಂದಾದರೆ ಪ್ಲಾಸ್ಟಿಕ್ ಕಡ್ಡಿ ಬಳಸಿ, ಎರಡೂ ಪಕ್ಕಕ್ಕೆ ಅಂಗೈ ಅಗಲದ ಎಲಾಸ್ಟಿಕ್ ತುಂಡು ಕೊಟ್ಟು, ಉಸಿರು ತುಂಬಿಕೊಂಡ ಸ್ಥಿತಿಯಲ್ಲೇ ದಾರ ಕಟ್ಟಬೇಕು. ಪರೀಕ್ಷೆ ಸುಲಭ: ತೊಡುವ ಮೊದಲು ‘ಆ’ ಎಂದು ಒಂದೇ ಉಸಿರಿನಲ್ಲಿ ಎಷ್ಟು ಸೆಕೆಂಡು ಹಿಡಿಯುತ್ತೀರೋ ಎಣಿಸಿ, ತೊಟ್ಟ ಮೇಲೆ ಮತ್ತೆ ಎಣಿಸಿ. ಎಣಿಕೆ ಎರಡು ಸೆಕೆಂಡಿಗಿಂತ ಹೆಚ್ಚು ಇಳಿದರೆ ಆ ಉಡುಪಿನಲ್ಲಿ ಹಾಡಬೇಡಿ.

ಗಿಟಾರಿನ ತೂಕವನ್ನೂ ಬಟ್ಟೆಯ ಜತೆಗೇ ಲೆಕ್ಕ ಹಾಕಬೇಕು. ಗಿಬ್ಸನ್ ಲೆಸ್ ಪಾಲ್ ಮಾದರಿಯ ಗಿಟಾರು ನಾಲ್ಕು, ನಾಲ್ಕೂವರೆ ಕಿಲೊ ತೂಗುತ್ತದೆ. 5 ಸೆಂಟಿಮೀಟರ್ ಅಗಲದ ಪಟ್ಟಿಯಲ್ಲಿ ಅದನ್ನು ಒಂದೂವರೆ ಗಂಟೆ ನೇತುಹಾಕಿಕೊಂಡರೆ ಬರಿಯ ಭುಜದ ಚರ್ಮ ಸುಲಿಯುತ್ತದೆ. 7–8 ಸೆಂಟಿಮೀಟರಿನ ಪಟ್ಟಿ, ಅದರ ಕೆಳಗೆ ಭುಜ ಮುಚ್ಚುವ ತೋಳು ಇದ್ದರೆ ಕ್ಷೇಮ. ಜಾಕಿ ಫಾಕ್ಸ್ ನುಡಿಸುತ್ತಿದ್ದ ಗಿಬ್ಸನ್ ಥಂಡರ್‌ಬರ್ಡ್ ಬಾಸ್‌ನ ಕತ್ತು ಭಾರ. ಕೈಬಿಟ್ಟರೆ ಕತ್ತು ನೆಲದತ್ತ ವಾಲುತ್ತದೆ. ಇಂಥ ಬಾಸ್ ಜತೆ ನುಣುಪಾದ ಸ್ಯಾಟಿನ್ ತೊಟ್ಟರೆ ಪಟ್ಟಿ ಭುಜದ ಮೇಲೆ ಜಾರುತ್ತಲೇ ಇರುತ್ತದೆ, ಸ್ವರ ಒತ್ತಬೇಕಾದ ಎಡಗೈ ವಾದ್ಯ ಹೊರುವ ಕೂಲಿಗೆ ಬೀಳುತ್ತದೆ. ಪಟ್ಟಿಯ ಒಳಮೈಗೆ ಒರಟು ಸ್ವೇಡ್ ಚರ್ಮದ ತುಂಡು ಹೊಲಿದರೆ ಅರ್ಧ ತೊಂದರೆ ಅಲ್ಲೇ ತೀರುತ್ತದೆ.

ಡ್ರಮ್ಸ್ ನುಡಿಸುವವರ ಬೇಡಿಕೆ ಎಲ್ಲರಿಗಿಂತ ಕಟ್ಟುನಿಟ್ಟು. ತೋಳು ಮೊಣಕೈ ದಾಟಬಾರದು. ಜೋಲು ಅಂಚು, ಬಳೆ, ಸರ ಯಾವುದೂ ಕೋಲಿನ ದಾರಿಗೆ ಅಡ್ಡ ಬರಬಾರದು. ಅಟ್ಟೆ ತೆಳುವಾಗಿರಬೇಕು, ಇಲ್ಲವಾದರೆ ಬಾಸ್ ಡ್ರಮ್ಮಿನ ಪೆಡಲು ಪಾದಕ್ಕೆ ತಿಳಿಯುವುದಿಲ್ಲ, ಹೊಡೆತ ಕೂದಲೆಳೆಯಷ್ಟು ತಡವಾಗುತ್ತದೆ, ಇಡೀ ಬ್ಯಾಂಡು ಎಳೆದಂತೆ ಕೇಳುತ್ತದೆ. ಸ್ಯಾಟಿನ್ ಪ್ಯಾಂಟು ರೆಕ್ಸಿನ್ ಸ್ಟೂಲಿನ ಮೇಲೆ ಜಾರುತ್ತದೆ, ಅದಕ್ಕೆ ಸ್ಟೂಲಿನ ಮೇಲೊಂದು ಟವಲು. ಐವರಿಗೂ ಒಂದೇ ಉಡುಪು ಹೊಲಿಸುವ ಆಸೆ ಬಂದಾಗ ಮೊದಲು ಡ್ರಮ್ಮರಿಗೆ ಹೊಂದುವಂತೆ ವಿನ್ಯಾಸ ಮಾಡಿ, ಆಮೇಲೆ ಉಳಿದವರಿಗೆ ಬದಲಿಸಿಕೊಳ್ಳಬೇಕು. ಹೆಚ್ಚಿನವರು ತಿರುಗುಮುರುಗು ಮಾಡುತ್ತಾರೆ, ಗಾಯಕಿಗೆ ಒಪ್ಪುವುದನ್ನು ಎಲ್ಲರಿಗೂ ಹೊಲಿಸುತ್ತಾರೆ.

ಗ್ಲಾಮ್ ಕಾಲದ ಎತ್ತರದ ಅಟ್ಟೆಯ ಬೂಟಿನಲ್ಲಿ ಕಾಲು ಉಳುಕಲು ನೆಲದ ಮೇಲಿನ ಒಂದು ವೈರು ಸಾಕು. ವೈರುಗಳನ್ನು ನಡೆದಾಡುವ ದಾರಿಯಲ್ಲಿ ಹಾಯಿಸದೆ ಗ್ಯಾಫರ್ ಟೇಪಿನಿಂದ (ವೇದಿಕೆಗಳಲ್ಲಿ ಬಳಸುವ ಗಟ್ಟಿ ಬಟ್ಟೆಯ ಅಂಟುಪಟ್ಟಿ) ಉದ್ದಕ್ಕೂ ಅಂಟಿಸಬೇಕು. 8 ಸೆಂಟಿಮೀಟರ್ ಅಟ್ಟೆ ಎಂದರೆ ಬಾಯಿ ಮೈಕಿನಿಂದ 8 ಸೆಂಟಿಮೀಟರ್ ಮೇಲೆ. ಸೌಂಡ್ ಚೆಕ್ಕಿಗೆ ಚಪ್ಪಲಿಯಲ್ಲಿ ಬಂದು ರಾತ್ರಿ ಬೂಟಿನಲ್ಲಿ ಹಾಡಿದರೆ ಮೊದಲ ಹಾಡು ಸ್ಟ್ಯಾಂಡು ತಿರುಗಿಸುವುದರಲ್ಲೇ ಕಳೆಯುತ್ತದೆ.

ಕಾರ್ಯಕ್ರಮ ಮುಗಿದ ಮೇಲೆ ಬೆವರಿದ ಚರ್ಮವನ್ನು ಮಡಚಿ ಬ್ಯಾಗಿಗೆ ತುರುಕಿದರೆ ಮರುದಿನಕ್ಕೆ ಬೂಷ್ಟು, ನಾತ, ಬಿಳಿಯ ಉಪ್ಪಿನ ಕಲೆ. ಅಗಲವಾದ ಹ್ಯಾಂಗರಿಗೆ ಹಾಕಿ ನೆರಳಿನಲ್ಲಿ, ಗಾಳಿ ಆಡುವಲ್ಲಿ ಒಣಗಿಸಬೇಕು. ಬಿಸಿಲಿಗೆ ಹಾಕಿದರೆ, ಹೇರ್ ಡ್ರೈಯರ್ ಹಿಡಿದರೆ ಚರ್ಮ ಬಿರಿಯುತ್ತದೆ. ಒಗೆಯಲಾಗದ ಉಡುಪಿನ ಒಳಲೈನಿಂಗಿಗೆ ನೀರು ಬೆರೆಸಿದ ವೋಡ್ಕಾ ಸಿಂಪಡಿಸುವುದು ನಾಟಕ ಕಂಪನಿಗಳ ವಸ್ತ್ರಾಗಾರದಲ್ಲಿ ಹಳೆಯ ಉಪಾಯ. ಅದರ ಮದ್ಯಸಾರ ನಾತವನ್ನು ತಗ್ಗಿಸಿ ತಾನೂ ಆರಿಹೋಗುತ್ತದೆ.

ಫೋನಿನ ಕಾಲ ಇನ್ನೊಂದು ಪರೀಕ್ಷೆಯನ್ನು ಸೇರಿಸಿದೆ. ವೇದಿಕೆ ನಾಲ್ಕು ಅಡಿ ಎತ್ತರವಿದ್ದರೆ ಮುಂದಿನ ಸಾಲಿನ ಕ್ಯಾಮೆರಾಗಳು ಕೆಳಗಿನಿಂದ ಮೇಲಕ್ಕೆ ನೋಡುತ್ತವೆ. ಕೋಣೆಯ ಕನ್ನಡಿಯಲ್ಲಿ ಸರಿಯಾಗಿ ಕಂಡದ್ದು ಅಲ್ಲಿ ಸರಿಯಿರುವುದಿಲ್ಲ. ಪೂರ್ತಿ ಉಡುಪಿನಲ್ಲಿ, ಪೂರ್ತಿ ಬೆಳಕಿನಲ್ಲಿ, ತಮ್ಮವರೇ ಒಬ್ಬರು ನೆಲದಲ್ಲಿ ನಿಂತು ಎರಡು ಹಾಡು ಚಿತ್ರೀಕರಿಸಿ, ಹುಡುಗಿಯರಿಗೇ ತೋರಿಸಬೇಕು. ಬೇಕೋ ಬೇಡವೋ ಎಂದು ಅವರು ಹೇಳಲಿ. ದಪ್ಪ ಲೈನಿಂಗು, ಒಳಗೊಂದು ಕಪ್ಪು ಚಡ್ಡಿ, ಕುತ್ತಿಗೆಯ ಬಳಿ ಒಂದು ಟಿಚ್ ಬಟನ್, ತಿದ್ದುಪಡಿ ಅಷ್ಟರಲ್ಲೇ ಮುಗಿಯುತ್ತದೆ.

ಬೇಡ ಎನ್ನುವ ಹಕ್ಕು

ರನ್‌ಅವೇಸ್ ಹುಡುಗಿಯರಿಗೆ ಇಲ್ಲದೇ ಹೋದದ್ದು ಇದೇ. 1977ರಲ್ಲಿ ಜಪಾನಿನ ಪತ್ರಿಕೆಗೆಂದು ಕರೀ ಒಬ್ಬರದೇ ಫೋಟೊ ತೆಗೆಸಿದಾಗ ಬ್ಯಾಂಡಿನೊಳಗೆ ರಂಪವಾಯಿತು. ಫಾಕ್ಸ್ ಜಪಾನಿನಲ್ಲೇ ಬ್ಯಾಂಡ್ ಬಿಟ್ಟರು, ಸ್ವಲ್ಪ ಸಮಯದಲ್ಲೇ ಕರೀ ಕೂಡ. ಹಾಡುವ ಹೊಣೆ ಹೊತ್ತ ಜೆಟ್ ಜತೆ ಬ್ಯಾಂಡ್ ಇನ್ನೂ ಒಂದೂವರೆ ವರ್ಷ ಎಳೆದು, 1978ರ ಡಿಸೆಂಬರ್ 31ರಂದು ಸ್ಯಾನ್ ಫ್ರಾನ್ಸಿಸ್ಕೊ ಬಳಿಯ ಕೌ ಪ್ಯಾಲೆಸ್‌ನಲ್ಲಿ ಕೊನೆಯ ಸಲ ನುಡಿಸಿ 1979ರಲ್ಲಿ ಮುಗಿಯಿತು. ಆಗ ಹುಡುಗಿಯರು ಒಬ್ಬರ ಮೇಲೊಬ್ಬರು ಸಿಟ್ಟಾದರು. ಆದರೆ ಯಾವ ಚಿತ್ರ ಎಲ್ಲಿ ಅಚ್ಚಾಗಬೇಕೆಂಬ ತೀರ್ಮಾನ ಐವರಲ್ಲಿ ಯಾರ ಕೈಯಲ್ಲೂ ಇರಲಿಲ್ಲ.

ಉಡುಪಿನ ಮಾತು ಆಡುವಾಗ ಅದಕ್ಕಿಂತ ದೊಡ್ಡ ವಿಷಯವನ್ನು ಬದಿಗಿಡುವಂತಿಲ್ಲ. 1975ರ ಡಿಸೆಂಬರ್ 31ರ ರಾತ್ರಿ, ತನಗೆ 16 ವರ್ಷವಾಗಿದ್ದಾಗ, ಕಿಮ್ ಫೌಲಿ ತನ್ನ ಮೇಲೆ ಅತ್ಯಾಚಾರ ಎಸಗಿದ ಎಂದು ಜಾಕಿ ಫಾಕ್ಸ್ 2015ರ ಜುಲೈನಲ್ಲಿ ಬಹಿರಂಗವಾಗಿ ಹೇಳಿದರು. ಫೌಲಿ ಆ ವರ್ಷದ ಜನವರಿಯಲ್ಲೇ ತೀರಿಕೊಂಡಿದ್ದ. ಆ ಹೇಳಿಕೆಯನ್ನು ಓದಿದ ಮೇಲೆ ಹಳೆಯ ಫೋಟೊಗಳನ್ನು ‘ಹುಡುಗಿಯರ ದಿಟ್ಟತನ’ ಎಂದಷ್ಟೇ ನೋಡಲು ಸಾಧ್ಯವಿಲ್ಲ. ದಿಟ್ಟತನ ಇತ್ತು, ನಿಜ. ಅದರ ಸುತ್ತ ಕಾವಲಿಗೆ ಒಬ್ಬರೂ ಇರಲಿಲ್ಲ. ಜಾಕಿ ಮುಂದೆ ತಮ್ಮ ಮೂಲ ಹೆಸರು ಫ್ಯೂಕ್ಸ್ ಎಂದೇ ಹಾರ್ವರ್ಡ್‌ನಲ್ಲಿ ಕಾನೂನು ಓದಿ, ಮನರಂಜನಾ ಕ್ಷೇತ್ರದ ವಕೀಲರಾದರು.

ಈಗಿನ ಬ್ಯಾಂಡುಗಳ ಪೈಕಿ ಲಾಸ್ ಏಂಜಲೀಸ್‌ನದೇ ಆದ ‘ದಿ ಲಿಂಡಾ ಲಿಂಡಾಸ್’ ಒಳ್ಳೆಯ ಹೋಲಿಕೆ. 2018ರಲ್ಲಿ ಶುರುವಾದ ನಾಲ್ವರ ಈ ಬ್ಯಾಂಡು 2021ರ ಮೇ ತಿಂಗಳಲ್ಲಿ ನಗರದ ಸಾರ್ವಜನಿಕ ಗ್ರಂಥಾಲಯದಲ್ಲಿ ನುಡಿಸಿದ ವಿಡಿಯೊದಿಂದ ಲೋಕಕ್ಕೆ ಗೊತ್ತಾಯಿತು. ಆಗ ಡ್ರಮ್ಮರಿಗೆ 10 ವರ್ಷ. 2024ರಲ್ಲಿ ಅಮೆರಿಕದ ಹೆಸರಾಂತ ರಾಕ್ ಬ್ಯಾಂಡ್ ‘ಗ್ರೀನ್ ಡೇ’ ಜತೆ ದೊಡ್ಡ ಕ್ರೀಡಾಂಗಣಗಳಲ್ಲಿ ನುಡಿಸಿದರು. ಬಣ್ಣ ಬಣ್ಣದ, ಒಬ್ಬರದರಂತೆ ಇನ್ನೊಬ್ಬರದಿಲ್ಲದ, ಜಿಗಿದಾಡಲು ಆಗುವ ಬಟ್ಟೆ ಅವರದು. ಬ್ಯಾಂಡಿನ ಸುತ್ತ ಮನೆಯವರಿದ್ದಾರೆ, ಇಬ್ಬರು ಸೋದರಿಯರ ತಂದೆಯೇ ಧ್ವನಿಮುದ್ರಣದ ಅನುಭವಿ. ವ್ಯತ್ಯಾಸ ಇರುವುದು ಇಲ್ಲಿ. ಬಟ್ಟೆ ಎಷ್ಟು ಉದ್ದ ಎಂಬುದು ಎರಡನೆಯ ಮಾತು.

ಉದ್ದದ ಮಾತು ಎಷ್ಟು ಟೊಳ್ಳು ಎಂದು ತಿಳಿಯಲು ಇಂಡೊನೇಷ್ಯಾದ ‘ವಾಯ್ಸ್ ಆಫ್ ಬಾಚೆಪ್ರೊಟ್’ ನೋಡಬೇಕು. ಪಶ್ಚಿಮ ಜಾವಾದ ಗಾರುತ್ ಪ್ರದೇಶದ ಮೂವರು ಶಾಲಾ ಹುಡುಗಿಯರು 2014ರಲ್ಲಿ ಕಟ್ಟಿದ, ಅಬ್ಬರದ ‘ಮೆಟಲ್’ ರಾಕ್ ನುಡಿಸುವ ಬ್ಯಾಂಡ್ ಇದು. ಸುಂಡಾ ಭಾಷೆಯಲ್ಲಿ ‘ಬಾಚೆಪ್ರೊಟ್’ ಎಂದರೆ ಗದ್ದಲ. ಮೂವರೂ ಹಿಜಾಬ್ ತೊಟ್ಟೇ ನುಡಿಸುತ್ತಾರೆ. 2024ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಸಂಗೀತ ಉತ್ಸವದಲ್ಲಿ ನುಡಿಸಿದ ಮೊದಲ ಇಂಡೊನೇಷ್ಯಾ ಬ್ಯಾಂಡ್ ಅವರದು. ಊರಿನ ಸಂಪ್ರದಾಯಸ್ಥರು ಹಿಜಾಬ್ ತೊಟ್ಟವರಿಗೆ ಇಂಥ ಸಂಗೀತವೇಕೆ ಎಂದರು, ಹೊರಗಿನ ಪತ್ರಕರ್ತರು ಇಂಥ ಸಂಗೀತದವರಿಗೆ ಹಿಜಾಬ್ ಏಕೆ ಎಂದರು. ಎರಡೂ ಕಡೆಯವರು ಗಿಟಾರಿನ ಬಗ್ಗೆ ಕೇಳಿದ್ದು ಕಡಿಮೆ. 1976ರಲ್ಲಿ ಮೈ ಕಂಡದ್ದು ಸುದ್ದಿಯಾಯಿತು, ಈಗ ಮೈ ಮುಚ್ಚಿದ್ದು ಸುದ್ದಿ.

ಕಾಗದದಲ್ಲಿ ಏನಿರಬೇಕು

ಕ್ಯಾಲಿಫೋರ್ನಿಯಾದಲ್ಲಿ ಬಾಲ ಕಲಾವಿದರ ಗಳಿಕೆ ಕಾಯುವ ‘ಕೂಗನ್ ಕಾಯ್ದೆ’ 1939ರಿಂದಲೇ ಇತ್ತು, ಆದರೆ ತೂತುಗಳಿದ್ದವು. ಗಳಿಕೆಯ ಶೇ 15ರಷ್ಟನ್ನು ಮಗುವಿನ ಹೆಸರಿನ ನಿಧಿಯಲ್ಲಿ ಇಡಲೇಬೇಕು ಎಂಬ ಬಿಗಿ ನಿಯಮ ಬಂದದ್ದು 2000ದಲ್ಲಿ. ಭಾರತದಲ್ಲಿ ಬಾಲಕಾರ್ಮಿಕ ಕಾಯ್ದೆಯ 2017ರ ನಿಯಮಗಳು ಬಾಲ ಕಲಾವಿದರಿಗೆ ದಿನಕ್ಕೆ ಐದು ಗಂಟೆಯ ಮಿತಿ, ವಿರಾಮವಿಲ್ಲದೆ ಮೂರು ಗಂಟೆ ಮೀರಬಾರದೆಂಬ ಷರತ್ತು, ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ, ಗಳಿಕೆಯ ಕನಿಷ್ಠ ಶೇ 20 ಠೇವಣಿ ಎಂದು ಹೇಳುತ್ತವೆ. ಆದರೆ ಇವು 14 ತುಂಬದ ಮಕ್ಕಳಿಗೆ. ರಾಕ್ ಬ್ಯಾಂಡ್ ಕಟ್ಟುವ 15, 16, 17ರ ಹುಡುಗಿ ಸರಿಯಾಗಿ ಈ ರಕ್ಷಣೆಯ ಹೊರಗೆ ಬೀಳುತ್ತಾಳೆ. ಇತ್ತ 18 ತುಂಬದವರು ನಮ್ಮ ಕರಾರು ಕಾಯ್ದೆಯ ಪ್ರಕಾರ ಒಪ್ಪಂದಕ್ಕೆ ಅರ್ಹರಲ್ಲ, ಹಾಗಾಗಿ ಸಹಿ ಹಾಕುವವರು ಪೋಷಕರು. ಬೆಂಗಳೂರಿನಲ್ಲಾಗಲಿ ಮಂಗಳೂರಿನಲ್ಲಾಗಲಿ ಮಗಳ ಬ್ಯಾಂಡಿಗೆ ಮೊದಲ ಸಂಭಾವನೆಯ ಕರೆ ಬಂದಾಗ ಓದಬೇಕಾದ ಕಾಗದ ಅದೇ.

ಹಣದ ಅಂಕಣವನ್ನು ಎಲ್ಲರೂ ಓದುತ್ತಾರೆ. ಉಡುಪಿಗೂ ಅದೇ ಕಾಗದದಲ್ಲಿ ನಾಲ್ಕು ಸಾಲು ಬರೆಸಿಕೊಳ್ಳಬೇಕು. ಉಡುಪಿನ ಖರ್ಚು ಯಾರದು, ಮುಗಿದ ಮೇಲೆ ಅದು ಯಾರ ಸೊತ್ತು. ಪೋಸ್ಟರಿಗೂ ಕವರಿಗೂ ಹೋಗುವ ಫೋಟೊವನ್ನು ಬ್ಯಾಂಡಿನ ಎಲ್ಲ ಸದಸ್ಯೆಯರೂ ಪೋಷಕರೂ ನೋಡಿ ಒಪ್ಪಿದ ಮೇಲೆಯೇ ಅಚ್ಚಿಗೆ. ಬಟ್ಟೆ ಬದಲಿಸಲು ಒಳಗಿನಿಂದ ಚಿಲಕ ಹಾಕುವ ಪ್ರತ್ಯೇಕ ಕೋಣೆ, ಅಲ್ಲಿಗೆ ಹೊರಗಿನ ಯಾರಿಗೂ ಪ್ರವೇಶವಿಲ್ಲ. ಮತ್ತು ಕಾರ್ಯಕ್ರಮಕ್ಕೆ ಐದು ನಿಮಿಷ ಇರುವಾಗ ಹುಡುಗಿ ‘ಇದನ್ನು ತೊಡುವುದಿಲ್ಲ’ ಎಂದು ಜೀನ್ಸ್ ಹಾಕಿಕೊಂಡು ವೇದಿಕೆ ಹತ್ತಿದರೂ ಸಂಭಾವನೆಯಲ್ಲಿ ಒಂದು ರೂಪಾಯಿಯೂ ಕಡಿತವಾಗುವಂತಿಲ್ಲ.